ಹಿಮದ ಅಳತೆಗೋಲು ಮತ್ತು ನಮ್ಮ ಮಳೆಪುಸ್ತಕ

ಕಳೆದ ತಿಂಗಳ ಸಭೆಯಲ್ಲಿ ಎರಡು ಪ್ರಶ್ನೆಗಳು ಒಂದರ ಬೆನ್ನಿಗೆ ಒಂದು ಬಂದವು. ಮೊದಲನೆಯದು ಕಾಲೇಜು ವಿದ್ಯಾರ್ಥಿನಿಯೊಬ್ಬಳದು. ಹಿಮಾಲಯದಲ್ಲಿ ಹಿಮ ಕಡಿಮೆಯಾಗುತ್ತಿದೆ ಎಂದು ಒಂದು ಪತ್ರಿಕೆ ಬರೆಯುತ್ತದೆ, ಭಾರಿ ಹಿಮ ಸುರಿದು ರಸ್ತೆ ಮುಚ್ಚಿತು ಎಂದು ಇನ್ನೊಂದು ಬರೆಯುತ್ತದೆ, ಯಾವುದನ್ನು ನಂಬಬೇಕು ಎಂದು ಆಕೆ ಕೇಳಿದಳು. ಎರಡನೆಯದು ನಮ್ಮ ಬಳಗದ ಹಿರಿಯರೊಬ್ಬರದು. 22 ವರ್ಷಗಳಿಂದ ಅಂಗಳದ ಮಳೆಮಾಪಕವನ್ನು ಬೆಳಿಗ್ಗೆ ಓದಿ ಪುಸ್ತಕದಲ್ಲಿ ಬರೆಯುತ್ತ ಬಂದವರು ಅವರು. "ಈಗ ಪಂಚಾಯಿತಿಗೇ ಯಂತ್ರ ಬಂದಿದೆ, ಮೊಬೈಲಿನಲ್ಲಿ ಮಳೆಯ ಲೆಕ್ಕ ಸಿಗುತ್ತದೆ. ನಾವು ಇಷ್ಟು ವರ್ಷ ಬರೆದು ಏನಾಯಿತು ಮಾರಾಯ್ರೇ? ಈ ಸಲದಿಂದ ನಿಲ್ಲಿಸುವ" ಎಂದರು. ಕೆಲವರು ತಲೆಯಾಡಿಸಿದರು. ಸಭೆ ಮುಗಿಯುವ ಹೊತ್ತಾಗಿದ್ದರಿಂದ ಎರಡಕ್ಕೂ ಉತ್ತರ ಹೇಳಲಾಗಲಿಲ್ಲ.

ಮನೆಗೆ ಬಂದು ಯೋಚಿಸಿದಾಗ ಎರಡೂ ಒಂದೇ ಪ್ರಶ್ನೆಯೆಂದು ತೋರಿತು. ಆದಕಾರಣ ಈ ಸಂಚಿಕೆಯ ಸಂಪಾದಕೀಯವನ್ನು ನಮ್ಮಲ್ಲಿ ಬಹುಪಾಲು ಜನ ಕಣ್ಣಾರೆ ಕಾಣದ ವಸ್ತುವೊಂದಕ್ಕೆ, ಅಂದರೆ ಹಿಮದ ಆಳಕ್ಕೆ, ಮೀಸಲಿಡುತ್ತಿದ್ದೇವೆ. ಮಲೆನಾಡಿನಲ್ಲಿ ಮಂಜು ಎಂದರೆ ಮುಂಜಾನೆ ಕಣಿವೆಯಲ್ಲಿ ನಿಲ್ಲುವ ಕಾವಳ, ಹುಲ್ಲಿನ ಮೇಲಿನ ಇಬ್ಬನಿ. ಹಿಮ ಅದಲ್ಲ. ಆಕಾಶದಿಂದ ಹತ್ತಿಯ ಎಳೆಯಂತೆ ಇಳಿದು, ನೆಲದ ಮೇಲೆ ಪದರ ಪದರವಾಗಿ ಕೂತು, ತಿಂಗಳುಗಟ್ಟಲೆ ಕರಗದೆ ಉಳಿಯುವ ನೀರು ಅದು. ಬೆಟ್ಟದವರ ಪಾಲಿಗೆ ಅದೇ ಕೆರೆ, ಅದೇ ಅಣೆಕಟ್ಟು. ಚಳಿಗಾಲದಲ್ಲಿ ತುಂಬಿಕೊಂಡು ಬೇಸಗೆಯಲ್ಲಿ ತಾನಾಗಿ ತೂಬು ತೆರೆಯುವ ಕೆರೆ. ಆ ಕೆರೆ ಬತ್ತುತ್ತಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಅಳತೆಯ ಹೊರತು ಬೇರೆ ದಾರಿಯಿಲ್ಲ.

ಈ ಅಳತೆಯನ್ನು ಬಹುಕಾಲದಿಂದ ಬಿಡದೆ ಮಾಡಿಕೊಂಡು ಬಂದವರು ಯುರೋಪಿನ ಆಲ್ಪ್ಸ್ ಪರ್ವತದ ಜನ. ಸ್ವಿಟ್ಜರ್ಲೆಂಡಿನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ ದಾರಿಹೋಕರಿಗೆ ಆಶ್ರಯ ಕೊಡುವ ಕ್ರೈಸ್ತ ಸನ್ಯಾಸಿಗಳ ಮಠವೊಂದಿದೆ. ಅಲ್ಲಿ ಹವಾಮಾನದ ವೀಕ್ಷಣೆ 1817ರಲ್ಲಿ ಆರಂಭವಾಯಿತು. ಹಿಮದ ಆಳಕ್ಕೆ ಹೆಸರಾದ ತಾಣ ದಾವೋಸ್ ಪಟ್ಟಣದ ಮೇಲಿರುವ ವೈಸ್‌ಫ್ಲೂಯೋಖ್. ಸಮುದ್ರಮಟ್ಟದಿಂದ 2540 ಮೀಟರ್ ಎತ್ತರದ ಆ ಬಯಲಿನಲ್ಲಿ 1936ರಿಂದ ಹಿಮದ ಆಳವನ್ನು ಅಳೆದು ಬರೆಯಲಾಗುತ್ತಿದೆ. ಸಾಧನವೆಂದರೆ ಮೂಲತಃ ಸೆಂಟಿಮೀಟರ್ ಗುರುತು ಹಾಕಿ ನೆಲಕ್ಕೆ ನೆಟ್ಟ ಒಂದು ಕಂಬ. ಹೊಸದಾಗಿ ಬಿದ್ದ ಹಿಮಕ್ಕೆ ಬೇರೆ ಹಲಗೆ. ಅದನ್ನು ಓದಿದ ಮೇಲೆ ಗುಡಿಸಿ ಮತ್ತೆ ಇಡುತ್ತಾರೆ. ಇದಕ್ಕಿಂತ ಸರಳ ಉಪಕರಣವನ್ನು ನಮ್ಮ ಶಾಲೆಯ ಮಕ್ಕಳೂ ಮಾಡಬಲ್ಲರು. ಕಷ್ಟವಿರುವುದು ಕಂಬ ನೆಡುವುದರಲ್ಲಲ್ಲ, ಮರುದಿನ ಬೆಳಿಗ್ಗೆಯೂ ಅದರ ಮುಂದೆ ಹೋಗಿ ನಿಲ್ಲುವುದರಲ್ಲಿ.

ಆಳವೆಂಬುದು ಕೂಡ ತೋರುವಷ್ಟು ಸರಳವಲ್ಲ. ಹೊಸ ಹಿಮ ಹಗುರ. ಒಂದು ಮೀಟರ್ ಹೊಸ ಹಿಮವನ್ನು ಕರಗಿಸಿದರೆ ಸುಮಾರು 10 ಸೆಂಟಿಮೀಟರ್ ನೀರು ದೊರೆತೀತು. ಅದೇ ಒಂದು ಮೀಟರ್, ವಾರಗಟ್ಟಲೆ ಕುಸಿದು ಗಟ್ಟಿಯಾದ ಹಳೆಯ ಹಿಮವಾದರೆ, 30 ಸೆಂಟಿಮೀಟರಿನಷ್ಟು ನೀರಾಗಬಹುದು. ಒಂದು ಹನಿಯೂ ಕರಗದೆ ಆಳ ಇಳಿಯಬಹುದು, ಗಾಳಿ ಹೊತ್ತು ತಂದು ಸುರಿದರೆ ಆಕಾಶದಿಂದ ಬೀಳದೆಯೂ ಆಳ ಏರಬಹುದು. ಆದ್ದರಿಂದ ಒಂದು ದಿನದ ಅಂಕಿಗೆ ಹೆಚ್ಚಿನ ಬೆಲೆಯಿಲ್ಲ. ತಿಂಗಳ, ಋತುವಿನ ಸರಾಸರಿಯನ್ನು ಹಿಡಿದು ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾಗುತ್ತದೆ.

ಸಂಖ್ಯಾಶಾಸ್ತ್ರದ ಕೆಲಸ ಇಲ್ಲಿ ಆರಂಭವಾಗುತ್ತದೆ. ಅದರ ಮೊದಲ ಹೆಜ್ಜೆ ಗಣಿತವಲ್ಲ, ಹಳೆಯ ಪುಸ್ತಕಗಳನ್ನು ಅನುಮಾನದಿಂದ ಓದುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಪುಸ್ತಕಗಳಿಗೂ ಸಲ್ಲುತ್ತದೆ. ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಪುಟದಲ್ಲಿ ಒಂದು ದಿನದ ಮುಂದೆ ಜಾಗ ಖಾಲಿಯಿದೆ ಎಂದುಕೊಳ್ಳಿ. ಅದರ ಅರ್ಥವೇನು? ಅಂದು ನೆಲದ ಮೇಲೆ ಹಿಮವೇ ಇರಲಿಲ್ಲ, ಬರೆಯುವುದೇನು ಎಂದು ವೀಕ್ಷಕ ಸುಮ್ಮನಾದನೇ? ಅಥವಾ ಹಿಮ ಎದೆಮಟ್ಟ ಬಿದ್ದು ಆತ ಮನೆಯಿಂದ ಹೊರಡಲಾಗದೆ ಹೋದನೇ? ಮೊದಲನೆಯದಾದರೆ ಅಲ್ಲಿ ಸೊನ್ನೆ ಬರಬೇಕು. ಎರಡನೆಯದಾದರೆ ಆ ಚಳಿಗಾಲದ ಅತಿ ದೊಡ್ಡ ಅಂಕಿಯೇ ಅಲ್ಲಿ ಬರಬೇಕಿತ್ತು. ಎಲ್ಲ ಖಾಲಿ ಜಾಗಗಳನ್ನೂ ಸೊನ್ನೆಯೆಂದು ಹಿಡಿದರೆ ಹಿಮ ಇದ್ದದ್ದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಎಲ್ಲವನ್ನೂ ಕೈಬಿಟ್ಟರೆ ಹಿಮವಿಲ್ಲದ ದಿನಗಳೇ ಲೆಕ್ಕದಿಂದ ಮಾಯವಾಗಿ ಸರಾಸರಿ ಏರುತ್ತದೆ. ಹೀಗಾಗಿ ಈ ಅಧ್ಯಯನ ಮಾಡುವವರು ಅಕ್ಕಪಕ್ಕದ ತಾಣಗಳ ಪುಸ್ತಕಗಳನ್ನು ಎದುರಿಗಿಟ್ಟು, ಅಂದು ನೆರೆಯೂರಿನಲ್ಲಿ ಎಷ್ಟಿತ್ತು, ಹಿಂದಿನ ದಿನ ಎಷ್ಟಿತ್ತು ಎಂದು ನೋಡಿ, ಖಾಲಿ ಜಾಗಗಳನ್ನು ಒಂದೊಂದಾಗಿ ತೀರ್ಮಾನಿಸುತ್ತಾರೆ. ತೀರ್ಮಾನಿಸಲಾಗದಷ್ಟು ಖಾಲಿಯಿರುವ ತಿಂಗಳನ್ನು ಬಿಟ್ಟುಬಿಡುತ್ತಾರೆ.

ನಮ್ಮ ಮಳೆಪುಸ್ತಕಗಳಲ್ಲಿಯೂ ಇದೇ ರೋಗವಿದೆ. ನನ್ನ ಮನೆಯ ಪುಸ್ತಕವನ್ನೇ ಹೇಳುತ್ತೇನೆ, ಬೇರೆಯವರದನ್ನು ಎತ್ತಿ ಆಡುವುದು ಬೇಡ. ನೆಂಟರ ಮದುವೆಗೆ ಹೋದ ಎರಡು ದಿನ ಖಾಲಿ, ಮೂರನೆಯ ದಿನ ಇದ್ದಕ್ಕಿದ್ದಂತೆ ದೊಡ್ಡ ಅಂಕಿ. ಅದು ಮೂರು ದಿನದ ಮಳೆಯೆಂದು ಎಲ್ಲಿಯೂ ಬರೆದಿಲ್ಲ. ಇಪ್ಪತ್ತು ವರ್ಷದ ನಂತರ ಓದುವವರು ಅಂದು ಮಹಾಮಳೆ ಸುರಿಯಿತೆಂದೇ ತಿಳಿಯುತ್ತಾರೆ.

ಇನ್ನೊಂದು ತೊಡಕು ಅಳತೆಯ ಜಾಗ ಬದಲಾಗುವುದು. ವೀಕ್ಷಕ ನಿವೃತ್ತನಾದರೆ ಕಂಬವು ಕಣಿವೆಯ ಇನ್ನೊಂದು ಬದಿಗೆ, ಹೊಸ ವೀಕ್ಷಕನ ಮನೆಯ ಬಳಿಗೆ ಹೋಗುತ್ತದೆ. ನೂರು ಮೀಟರ್ ಕೆಳಗೆ ಇಳಿದರೆ ಗಾಳಿ ಸುಮಾರು 0.65 ಡಿಗ್ರಿ ಬಿಸಿಯಾಗಿರುತ್ತದೆ; ಹಿಮವೋ ಮಳೆಯೋ ಎಂಬುದು ಆ ಅರ್ಧ ಡಿಗ್ರಿಯಲ್ಲಿ ತೀರ್ಮಾನವಾಗಿಬಿಡಬಹುದು. ಬಿಸಿಲಿನ ಇಳಿಜಾರಿಗೆ ಹೋದರೂ, ಪಕ್ಕದಲ್ಲಿ ಕಟ್ಟಡ ಎದ್ದರೂ ಅಂಕಿ ಬದಲಾಗುತ್ತದೆ. ಹವಾಮಾನ ಬದಲಾಗದಿದ್ದರೂ ಪುಸ್ತಕದಲ್ಲಿ ಬದಲಾವಣೆ ಕಾಣಿಸುತ್ತದೆ. ನೆರೆಯ ತಾಣಗಳ ಜೊತೆ ಹೋಲಿಸಿದಾಗ ಒಂದು ವರ್ಷದಿಂದಾಚೆಗೆ ಒಂದೇ ತಾಣ ಮಾತ್ರ ಸಾಲು ತಪ್ಪಿದರೆ, ಅಲ್ಲೇನೋ ನಡೆದಿದೆ ಎಂದು ತಿಳಿಯಬೇಕು. ಅದನ್ನು ಸರಿಪಡಿಸುವ ಲೆಕ್ಕಗಳಿವೆ. ಆದರೆ ಎಲ್ಲ ಲೆಕ್ಕಕ್ಕಿಂತ ದೊಡ್ಡ ಉಪಕಾರವೆಂದರೆ, 'ಇಂದು ಕಂಬವನ್ನು ಸ್ಥಳಾಂತರಿಸಲಾಯಿತು' ಎಂದು ಅಂದೇ ಬರೆದಿಟ್ಟ ಒಂದು ಸಾಲು.

ಪುಸ್ತಕ ಶುದ್ಧವಾಯಿತೆಂದು ಇಟ್ಟುಕೊಳ್ಳೋಣ. ಇಳಿಕೆ ಇದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಮಾಡಿ ನೋಡಬಹುದಾದ ವಿಧಾನವೊಂದಿದೆ. ಮ್ಯಾನ್ ಎಂಬವರು 1945ರಲ್ಲಿ ಸೂಚಿಸಿದ, ಕೆಂಡಾಲ್ ಎಂಬವರ ಹೆಸರನ್ನೂ ಸೇರಿಸಿ ಕರೆಯುವ ಪರೀಕ್ಷೆ ಅದು. ಒಂದು ಕಾಲ್ಪನಿಕ ಊರಿನಲ್ಲಿ ಐದು ಚಳಿಗಾಲಗಳ ಸರಾಸರಿ ಆಳ ಅನುಕ್ರಮವಾಗಿ 60, 45, 70, 40, 35 ಸೆಂಟಿಮೀಟರ್ ಎನ್ನಿ. ಪ್ರತಿ ಎರಡು ವರ್ಷಗಳನ್ನು ಜೋಡಿ ಮಾಡಿ ಒಂದೇ ಪ್ರಶ್ನೆ ಕೇಳಿ: ಹಿಂದಿನದಕ್ಕಿಂತ ಮುಂದಿನದು ಹೆಚ್ಚೋ ಕಡಿಮೆಯೋ? ಐದು ವರ್ಷಗಳಿಂದ ಹತ್ತು ಜೋಡಿಗಳಾಗುತ್ತವೆ. ಇವುಗಳಲ್ಲಿ ಎಂಟು ಜೋಡಿ 'ಕಡಿಮೆ' ಎನ್ನುತ್ತವೆ, ಎರಡು 'ಹೆಚ್ಚು' ಎನ್ನುತ್ತವೆ. ಎಂಟಕ್ಕೆ ಎರಡು! ಇಳಿಕೆ ಖಚಿತವೆಂದು ಮನಸ್ಸು ಕೂಡಲೇ ಹೇಳುತ್ತದೆ.

ಸ್ವಲ್ಪ ತಾಳಬೇಕು. ಇದೇ ಐದು ಅಂಕಿಗಳನ್ನು ಚೀಟಿಯಲ್ಲಿ ಬರೆದು ಕಣ್ಣುಮುಚ್ಚಿ ಎತ್ತಿದರೆ 120 ಬಗೆಯ ಸಾಲುಗಳು ಸಾಧ್ಯ. ಅವುಗಳಲ್ಲಿ 14 ಸಾಲುಗಳು ಇಷ್ಟೇ ಅಥವಾ ಇದಕ್ಕಿಂತ ಹೆಚ್ಚಿನ ಇಳಿಕೆಯನ್ನು ತೋರಿಸುತ್ತವೆ. ಅಂದರೆ ಯಾವ ಬದಲಾವಣೆಯೂ ಇಲ್ಲದೆ, ಬರೀ ಅದೃಷ್ಟದಿಂದ, ಸುಮಾರು ಎಂಟೂವರೆ ಸಲಕ್ಕೊಮ್ಮೆ ಇಂಥ ಸಾಲು ಬಂದೀತು. ಐದು ವರ್ಷದ ಪುಸ್ತಕ ಏನನ್ನೂ ಸಾಬೀತು ಮಾಡಲಾರದು. 22 ವರ್ಷದ ಪುಸ್ತಕದಲ್ಲಿ 231 ಜೋಡಿಗಳಿರುತ್ತವೆ, 50 ವರ್ಷದ ಪುಸ್ತಕದಲ್ಲಿ 1225. ಆಗ ಅದೃಷ್ಟದ ಆಟ ನಡೆಯುವುದು ಕಷ್ಟ. ಹಿಮದ ವರ್ಷಗಳು ಪೂರ್ತಿ ಚೀಟಿಯೆತ್ತಿದಂತೆ ಬರುವುದಿಲ್ಲ, ಒಳ್ಳೆಯ ವರ್ಷಗಳು ಗುಂಪಾಗಿ, ಕೆಟ್ಟವು ಗುಂಪಾಗಿ ಬರುವ ಸ್ವಭಾವವಿದೆ. ಅದಕ್ಕೆ ತಕ್ಕ ತಿದ್ದುಪಡಿಯನ್ನು ಮಾಡಲೇಬೇಕು ಎಂಬ ಎಚ್ಚರವನ್ನೂ ಇಲ್ಲಿ ಸೇರಿಸುತ್ತೇನೆ.

ಇಳಿಕೆ ಎಷ್ಟು ಎಂಬುದಕ್ಕೂ ಇದೇ ಜೋಡಿಗಳೇ ಸಾಕು. ಪ್ರತಿ ಜೋಡಿಯಲ್ಲಿ ವರ್ಷಕ್ಕೆ ಎಷ್ಟು ಏರಿತು ಅಥವಾ ಇಳಿಯಿತು ಎಂದು ಭಾಗಿಸಿ, ಬಂದ ಅಂಕಿಗಳನ್ನು ಕ್ರಮವಾಗಿ ಜೋಡಿಸಿ, ನಟ್ಟನಡುವಿನದನ್ನು ತೆಗೆದುಕೊಳ್ಳುವುದು. ನಮ್ಮ ಕಾಲ್ಪನಿಕ ಊರಿಗೆ ಅದು ವರ್ಷಕ್ಕೆ ಸುಮಾರು 5.6 ಸೆಂಟಿಮೀಟರ್ ಇಳಿಕೆ ಎಂದು ಬರುತ್ತದೆ. ಇದನ್ನು ಸೆನ್ ಇಳಿಜಾರು ಎನ್ನುತ್ತಾರೆ. ಈ ಸೆನ್, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಣಬ್ ಕುಮಾರ್ ಸೆನ್. ಅವರ ಪ್ರಬಂಧ 1968ರದು. ಇಂದು ಜಗತ್ತಿನಲ್ಲಿ ಹಿಮ, ಮಳೆ, ನದಿಗಳ ದೀರ್ಘಕಾಲದ ಬದಲಾವಣೆಯನ್ನು ಲೆಕ್ಕ ಹಾಕುವ ಹೆಚ್ಚಿನವರು ಈ ಬಂಗಾಳಿ ವಿದ್ವಾಂಸರ ವಿಧಾನವನ್ನು ಬಳಸುತ್ತಾರೆ. ಇದರ ಗುಣವೇನೆಂದರೆ, ಒಂದೆರಡು ವರ್ಷ ಅತಿಯಾಗಿ ಹಿಮ ಬಿದ್ದರೂ ನಡುವಿನ ಅಂಕಿ ಅಷ್ಟಾಗಿ ಅಲುಗುವುದಿಲ್ಲ. ಸರಾಸರಿಯಾದರೋ ಒಬ್ಬ ಸಿರಿವಂತ ಪಂಕ್ತಿಯಲ್ಲಿ ಕೂತರೆ ಇಡೀ ಪಂಕ್ತಿಯನ್ನೇ ಸಿರಿವಂತವೆಂದು ತೋರಿಸಿಬಿಡುತ್ತದೆ.

ಎಲ್ಲಿಂದ ಎಣಿಸಲು ಆರಂಭಿಸುತ್ತೇವೆ ಎಂಬುದರಲ್ಲಿ ಬಹಳ ಮೋಸಕ್ಕೆ ಅವಕಾಶವಿದೆ. ಸ್ವಿಟ್ಜರ್ಲೆಂಡಿನ ತಾಣಗಳ ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಿಮವಿರುವ ದಿನಗಳ ಸಂಖ್ಯೆ ಅಲ್ಲಿ ಇಳಿಜಾರಿನಂತೆ ನಿಧಾನವಾಗಿ ಇಳಿಯದೆ, 1980ರ ದಶಕದ ಕೊನೆಯಲ್ಲಿ ಮೆಟ್ಟಿಲಿನಂತೆ ಒಮ್ಮೆಲೇ ಇಳಿಯಿತೆಂದು ತೋರಿಸಿತು. ಈಗ ಒಬ್ಬನು 1990ರಿಂದ ಆಚೆಗಿನ ಒಂದೆರಡು ದಶಕಗಳ ಅಂಕಿಗಳನ್ನು ಮಾತ್ರ ಹಿಡಿದು 'ನೋಡಿ, ಏನೂ ಇಳಿದಿಲ್ಲ' ಎನ್ನಬಹುದು. ಇನ್ನೊಬ್ಬನು ಹಿಮ ಸಮೃದ್ಧವಾಗಿದ್ದ ವರ್ಷದಿಂದ ಆರಂಭಿಸಿ ಮೆಟ್ಟಿಲಿನ ಕೆಳಗೆ ಮುಗಿಸಿ 'ಇನ್ನು ಕೆಲವೇ ವರ್ಷಗಳಲ್ಲಿ ಹಿಮವೇ ಇರದು' ಎನ್ನಬಹುದು. ಇಬ್ಬರ ಅಂಕಿಗಳೂ ಸುಳ್ಳಲ್ಲ, ಇಬ್ಬರ ಮಾತೂ ನಿಜವಲ್ಲ. ಪರಿಸರದ ಪರವಾಗಿ ಮಾತನಾಡುವ ನಾವೂ ಎರಡನೆಯವನ ತಪ್ಪನ್ನು ಆಗಾಗ ಮಾಡಿದ್ದೇವೆ. ಹಾಗೆ ಮಾಡಿದಾಗಲೆಲ್ಲ ಎದುರಾಳಿಗೆ ಒಂದು ಕಲ್ಲನ್ನು ನಾವೇ ಎತ್ತಿ ಕೊಟ್ಟಂತಾಗಿದೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆ ಬಂದ ಉತ್ತರವೇನು? ಆಸ್ಟ್ರಿಯಾ, ಜರ್ಮನಿ, ಫ್ರಾನ್ಸ್, ಇಟಲಿ, ಸ್ಲೊವೇನಿಯಾ, ಸ್ವಿಟ್ಜರ್ಲೆಂಡ್ ಎಂಬ ಆರು ದೇಶಗಳ ವಿಜ್ಞಾನಿಗಳು ತಮ್ಮ ತಮ್ಮ ಪುಸ್ತಕಗಳನ್ನು ಒಟ್ಟುಗೂಡಿಸಿ, 2000ಕ್ಕೂ ಹೆಚ್ಚು ತಾಣಗಳ ಅಂಕಿಗಳನ್ನು 2021ರಲ್ಲಿ ಪ್ರಕಟಿಸಿದರು. 1971ರಿಂದ 2019ರವರೆಗೆ, ನವೆಂಬರಿನಿಂದ ಮೇ ತನಕದ ಸರಾಸರಿ ಆಳ, ಎಲ್ಲ ತಾಣಗಳನ್ನು ಒಟ್ಟಾಗಿ ಹಿಡಿದರೆ, ದಶಕಕ್ಕೆ ಶೇಕಡಾ 8.4ರಂತೆ ಇಳಿದಿದೆ. ಹಿಮವಿರುವ ದಿನಗಳು ದಶಕಕ್ಕೆ ಶೇಕಡಾ 5.6ರಂತೆ ಕಡಿಮೆಯಾಗಿವೆ. ವಸಂತದಲ್ಲಿ ಇಳಿಕೆ ಹೆಚ್ಚು, ನಡುಚಳಿಗಾಲದಲ್ಲಿ ಕಡಿಮೆ. ತಗ್ಗಿನಲ್ಲಿ ಹೆಚ್ಚು, ಅತಿ ಎತ್ತರದಲ್ಲಿ ಅಷ್ಟು ಸ್ಪಷ್ಟವಿಲ್ಲ. ಕಾರಣ ಅರ್ಥವಾಗದ್ದೇನಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಮಳೆಯು ಹಿಮವಾಗುವ ಗೆರೆ ಬೆಟ್ಟದಲ್ಲಿ ಸುಮಾರು 150 ಮೀಟರ್ ಮೇಲೆ ಸರಿಯುತ್ತದೆ. ಮೊದಲೇ ಸೊನ್ನೆಗಿಂತ ಬಹಳ ಕೆಳಗಿರುವ ಶಿಖರಕ್ಕೆ ಒಂದು ಡಿಗ್ರಿಯಿಂದ ಏನೂ ಆಗದು. ಸೊನ್ನೆಯ ಅಂಚಿನಲ್ಲಿರುವ ಊರಿಗೆ ಅದೇ ಒಂದು ಡಿಗ್ರಿ ಹಿಮವನ್ನು ಮಳೆಯಾಗಿಸುತ್ತದೆ. ಆಕಾಶದಿಂದ ಬೀಳುವ ನೀರು ಅಷ್ಟೇ ಇದ್ದರೂ ಕೆರೆ ತುಂಬುವುದಿಲ್ಲ, ಬಿದ್ದದ್ದು ಬಿದ್ದಂತೆ ಹರಿದುಹೋಗುತ್ತದೆ.

ಅದೇ ಅಧ್ಯಯನದ ಇನ್ನೊಂದು ಅಂಕಿಯತ್ತ ಓದುಗರ ಗಮನ ಸೆಳೆಯಬೇಕು. ಋತುವಿನ ಗರಿಷ್ಠ ಆಳದ ಇಳಿಕೆ ದಶಕಕ್ಕೆ ಶೇಕಡಾ 5.6, ಸರಾಸರಿಯ ಇಳಿಕೆಗಿಂತ ಕಡಿಮೆ. ಸರಾಸರಿ ಇಳಿಯುತ್ತಿದ್ದರೂ ದೊಡ್ಡ ಹಿಮಪಾತಗಳು ಅದೇ ವೇಗದಲ್ಲಿ ಸಣ್ಣದಾಗುತ್ತಿಲ್ಲ. 1999ರ ಫೆಬ್ರವರಿಯಲ್ಲಿ, ಹಿಮ ಕಡಿಮೆಯಾಗತೊಡಗಿದ ಅನಂತರದ ಕಾಲದಲ್ಲಿಯೇ, ಆಸ್ಟ್ರಿಯಾದ ಗಾಲ್ಟ್ಯೂರ್ ಮತ್ತು ಪಕ್ಕದ ವಾಲ್ಟ್ಸುರಿನಲ್ಲಿ ಹಿಮಕುಸಿತದಿಂದ 38 ಮಂದಿ ಸತ್ತರು. ಸಭೆಯಲ್ಲಿ ಕೇಳಿದ ವಿದ್ಯಾರ್ಥಿನಿಗೆ ಉತ್ತರದ ಅರ್ಧಭಾಗ ಇದು: ಆಕೆ ಓದಿದ ಎರಡು ಸುದ್ದಿಗಳೂ ಏಕಕಾಲಕ್ಕೆ ನಿಜವಾಗಿರಬಹುದು. ಒಂದು ಹಲವು ವರ್ಷಗಳ ಇಳಿಜಾರಿನ ಮಾತು, ಇನ್ನೊಂದು ಒಂದು ವಾರದ ಮಾತು. 2018ರ ಆಗಸ್ಟಿನ ಕೊಡಗನ್ನು ಕಂಡ ನಮಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದರ್ಧ ಉತ್ತರ ಹಿಮಾಲಯದಲ್ಲಿದೆ. ಆ ಉತ್ತರ ಅಪೂರ್ಣ. ಕಠ್ಮಂಡುವಿನಲ್ಲಿರುವ ಅಂತರರಾಷ್ಟ್ರೀಯ ಸಮಗ್ರ ಪರ್ವತ ಅಭಿವೃದ್ಧಿ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಆ ಚಳಿಗಾಲದಲ್ಲಿ ಹಿಂದೂಕುಶ್ ಹಿಮಾಲಯದಲ್ಲಿ ಹಿಮವು ನೆಲದ ಮೇಲೆ ಉಳಿದ ಅವಧಿ ವಾಡಿಕೆಗಿಂತ ಶೇಕಡಾ 23.6ರಷ್ಟು ಕಡಿಮೆಯಿತ್ತು, 23 ವರ್ಷಗಳ ದಾಖಲೆಯಲ್ಲಿ ಅದು ಅತಿ ಕಡಿಮೆ. ಇಲ್ಲಿನ ಹನ್ನೆರಡು ದೊಡ್ಡ ನದಿಗಳ ವಾರ್ಷಿಕ ಹರಿವಿನಲ್ಲಿ ಸುಮಾರು ಕಾಲುಭಾಗ ಹಿಮ ಕರಗಿ ಬರುವ ನೀರು ಎಂದೂ ಅದೇ ಕೇಂದ್ರ ಲೆಕ್ಕ ಹಾಕಿದೆ. ಗಂಭೀರವಾದ ಸಂಗತಿ. ಆದರೆ ಈ ಅಂಕಿ ಬಂದಿರುವುದು ಉಪಗ್ರಹದಿಂದ ಎಂಬುದನ್ನು ನೆನಪಿಡಬೇಕು. ಉಪಗ್ರಹದ ಕ್ಯಾಮೆರಾ ನೆಲ ಬಿಳಿಯಾಗಿದೆಯೇ ಎಂದು ನೋಡಬಲ್ಲದು, ಆ ಬಿಳುಪು ಬೆರಳುದ್ದವೋ ಆಳುದ್ದವೋ ಎಂದು ಹೇಳಲಾರದು. ಮೈಕ್ರೋವೇವ್‌ನಿಂದ ಆಳವನ್ನು ಅಂದಾಜಿಸುವ ಉಪಗ್ರಹಗಳಿವೆ. ಅವುಗಳ ಒಂದೊಂದು ಚೌಕ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಅಗಲ. ಅಷ್ಟರೊಳಗೆ ಒಂದು ಶಿಖರ, ಎರಡು ಕಣಿವೆ, ಹತ್ತು ಊರು ಅಡಗಿಹೋಗುತ್ತವೆ. ಮನಾಲಿಯಲ್ಲಿ 1969ರಲ್ಲಿ ಆರಂಭವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಪಶ್ಚಿಮ ಹಿಮಾಲಯದಲ್ಲಿ ನೆಲಮಟ್ಟದ ಅಳತೆಯನ್ನು ಬೆಳೆಸಿತು. 2020ರಲ್ಲಿ ಅದು ರಕ್ಷಣಾ ಇಲಾಖೆಯ ಬೇರೊಂದು ಸಂಶೋಧನಾಲಯದೊಡನೆ ವಿಲೀನವಾಯಿತು. ಅದರ ಮುಖ್ಯ ಕೆಲಸ ಸೈನಿಕರ ದಾರಿಗಳನ್ನು ಹಿಮಕುಸಿತದಿಂದ ಕಾಪಾಡುವುದಾಗಿತ್ತು. ಆಲ್ಪ್ಸ್‌ನಲ್ಲಿರುವಂತೆ ಊರೂರಿಗೊಂದು ಕಂಬ, ಅದರ ಹಿಂದೆ ಐವತ್ತು-ಎಂಬತ್ತು ವರ್ಷದ ಪುಸ್ತಕ, ಹಿಮಾಲಯದಲ್ಲಿ ಇಲ್ಲ. ಯಾರೂ ಅಳೆಯದೆ ಹೋದ 1950ರ ಚಳಿಗಾಲವನ್ನು ಇಂದು ಯಾವ ಗಣಕಯಂತ್ರವೂ ಹುಡುಕಿ ತರಲಾರದು. ಸುತ್ತಲಿನ ತಾಪಮಾನ, ಮಳೆಗಳಿಂದ ಊಹಿಸಬಹುದು, ಅಷ್ಟೆ.

ಈ ಕೊರತೆಯ ಬಿಸಿ ತಟ್ಟುವುದು ರೈತನಿಗೆ. ಹಿಮಾಚಲದ ಸೇಬು ಬೆಳೆಗಾರರು ಹಿಮವನ್ನು ಬಿಳಿ ಗೊಬ್ಬರ ಎನ್ನುತ್ತಾರೆ. ಹಿಮ ನಿಧಾನವಾಗಿ ಕರಗಿ ಬೇರಿನ ಆಳಕ್ಕೆ ತೇವ ಇಳಿಸುತ್ತದೆ, ಮಣ್ಣನ್ನು ತಂಪಾಗಿಡುತ್ತದೆ. ಹಳೆಯ ಡೆಲಿಶಿಯಸ್ ಜಾತಿಯ ಮರಗಳು ಹೂಬಿಡಬೇಕಾದರೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆ ಅಥವಾ ಅದಕ್ಕೂ ಹೆಚ್ಚು ಬೇಕು. ಕುಲು ಕಣಿವೆಯ ತಗ್ಗಿನಲ್ಲಿ ಸೇಬು ಬಿಟ್ಟು ದಾಳಿಂಬೆ, ತರಕಾರಿಗೆ ಹೊರಳಿದವರಿದ್ದಾರೆ. ಲಾಹೌಲ್-ಸ್ಪಿತಿಯ ಎತ್ತರದಲ್ಲಿ ಸೇಬಿನ ತೋಟಗಳು ಎದ್ದಿವೆ. ಸೇಬಿನ ಸಸಿ ನೆಟ್ಟವನು ಮೂವತ್ತು ವರ್ಷದ ಮೇಲೆ ಪಣ ಕಟ್ಟುತ್ತಾನೆ, ಅಡಿಕೆ ನೆಟ್ಟ ನಮ್ಮಂತೆಯೇ. ಆತನಿಗೆ ಬೇಕಾದದ್ದು ತನ್ನ ಇಳಿಜಾರಿನ, ತನ್ನ ಎತ್ತರದ ಲೆಕ್ಕ. 2024ರ ಜನವರಿಯಲ್ಲಿ ಗುಲ್ಮರ್ಗದಲ್ಲಿ ಹಿಮವೇ ಇಲ್ಲದೆ ನೆಲ ಬರಿದಾಗಿ ಕಂಡಿತು. ಫೆಬ್ರವರಿಯಲ್ಲಿ ಹಿಮ ಸುರಿಯಿತು. ಆ ಒಂದು ಚಳಿಗಾಲವನ್ನು ನೋಡಿ ತೋಟ ಕಡಿಯಬೇಕೇ, ಉಳಿಸಬೇಕೇ? ಉದ್ದದ ಪುಸ್ತಕವಿಲ್ಲದವನು ಜೂಜಾಡುವುದೊಂದೇ ಉಳಿದ ದಾರಿ.

ಹಿಮಾಲಯದ ಹಿಮಕ್ಕೂ ನಮ್ಮ ನಾಡಿಗೂ ಹಳೆಯ ನಂಟೊಂದಿದೆ. ಅದನ್ನು ಹೇಳದಿದ್ದರೆ ಮಾತು ಪೂರ್ಣವಾಗದು. 1876-78ರ ಮಹಾಕ್ಷಾಮವನ್ನು ಮೈಸೂರು ಸೀಮೆಯಲ್ಲಿ ಧಾತು-ಈಶ್ವರ ಬರ ಎಂದು ಇಂದಿಗೂ ಹಿರಿಯರು ನೆನೆಯುತ್ತಾರೆ. ಲಕ್ಷಾಂತರ ಜನ ಸತ್ತ ಆ ಬರದ ಬಳಿಕ, ಮಳೆಯನ್ನು ಮುಂಚಿತವಾಗಿ ಹೇಳಲು ಸಾಧ್ಯವೇ ಎಂಬ ಪ್ರಶ್ನೆ ಸರ್ಕಾರದ ಮುಂದೆ ಬಂತು. 1875ರಲ್ಲಿ ಸ್ಥಾಪನೆಯಾಗಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚಾಗಿ, ತಡವಾಗಿ ಬಿದ್ದ ವರ್ಷಗಳಲ್ಲಿ ಬಯಲಿನ ಮುಂಗಾರು ದುರ್ಬಲವಾಗುತ್ತದೆಂದು 1884ರಲ್ಲಿ ವಾದಿಸಿದರು. ನೆಲದ ಮೇಲೆ ಹಿಮವಿದ್ದಷ್ಟೂ ನೆಲ ಕಾಯುವುದು ತಡ, ನೆಲ ಕಾಯದೆ ಮುಂಗಾರು ಮಾರುತ ಬಲಗೊಳ್ಳದು ಎಂಬುದು ಇದರ ಹಿಂದಿನ ತರ್ಕ. 1886ರ ಜೂನ್ 4ರಂದು ಹೊರಬಿದ್ದ ಮೊದಲ ಮುಂಗಾರು ಮುನ್ಸೂಚನೆ ಹಿಮದ ವರದಿಗಳನ್ನೇ ನೆಚ್ಚಿತ್ತು. ಗಿಲ್ಬರ್ಟ್ ವಾಕರ್ ಕಾಲದಲ್ಲಿ ಅದಕ್ಕೆ ದೂರದೇಶಗಳ ವಾಯುಭಾರ ಮುಂತಾದ ಇತರ ಅಂಶಗಳು ಸೇರಿದವು. ಮುಂದಿನ ದಶಕಗಳಲ್ಲಿ ಹಿಮ-ಮಳೆಯ ಆ ನಂಟು ಸಡಿಲಗೊಂಡಿತು.

1988ರಿಂದ ಬಳಕೆಯಲ್ಲಿದ್ದ ಹದಿನಾರು ಅಂಶಗಳ ಮಾದರಿಯಲ್ಲಿಯೂ ಹಿಮಾಲಯದ ಹಿಮದ ಹೊದಿಕೆ ಒಂದಾಗಿತ್ತು. ಹಲವು ವರ್ಷ ಅದು ಸರಿಯಾಗಿಯೇ ಹೇಳಿತು. 2002ರಲ್ಲಿ ವಾಡಿಕೆಯ ಮಳೆಯೆಂದು ಹೇಳಿತು, ದೇಶದ ಮಳೆ ಶೇಕಡಾ 19ರಷ್ಟು ಕಡಿಮೆ ಬಂತು. ಮರುವರ್ಷವೇ ಮಾದರಿಯನ್ನು ಬದಲಾಯಿಸಬೇಕಾಯಿತು. ಇದನ್ನು ನೆನೆದು ವಿಜ್ಞಾನಿಗಳನ್ನು ಹಾಸ್ಯಮಾಡುವವರಿದ್ದಾರೆ. ನನಗೆ ಅದು ಹಾಸ್ಯವಾಗಿ ಕಾಣುವುದಿಲ್ಲ. ಹಿಂದೆ ಜೊತೆಜೊತೆಗೆ ನಡೆದ ಎರಡು ಸಂಗತಿಗಳು ಮುಂದೆಯೂ ಜೊತೆಗೇ ನಡೆಯುತ್ತವೆಂದು ಮಾದರಿ ನಂಬುತ್ತದೆ. ಆ ನಂಬಿಕೆ ಮುರಿದಾಗ ಅದನ್ನು ಕಂಡುಹಿಡಿಯುವುದು ಕೂಡ ಅಳತೆಯಿಂದಲೇ.

ಇನ್ನು ನಮ್ಮ ಹಿರಿಯರ ಪ್ರಶ್ನೆ. ಪಂಚಾಯಿತಿಯ ಸ್ವಯಂಚಾಲಿತ ಯಂತ್ರ ಒಳ್ಳೆಯದೇ. ಹದಿನೈದು ನಿಮಿಷದಲ್ಲಿ ಎಷ್ಟು ಸುರಿಯಿತೆಂಬುದನ್ನು ನಮ್ಮ ಬಾಟಲಿ ಎಂದೂ ಹೇಳಲಾರದು. ಆದರೆ ಅದು ಬೇರೆ ಜಾಗದಲ್ಲಿದೆ, ಬೇರೆ ಬಗೆಯಲ್ಲಿ ಅಳೆಯುತ್ತದೆ. ಇಂದು ನಮ್ಮ ಪುಸ್ತಕ ಮುಚ್ಚಿ ನಾಳೆಯಿಂದ ಅದರ ಅಂಕಿಯನ್ನು ಅದೇ ಸಾಲಿಗೆ ಸೇರಿಸಿದರೆ, ವೀಕ್ಷಕ ನಿವೃತ್ತನಾಗಿ ಕಂಬ ಕಣಿವೆಯಾಚೆ ಹೋದ ಕಥೆಯೇ ಆಗುತ್ತದೆ. ಎರಡೂ ಕೆಲವು ವರ್ಷ ಜೊತೆಯಾಗಿ ನಡೆದರೆ ಮಾತ್ರ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೊಂದಿಸಿ ನೋಡಬಹುದು. 22 ವರ್ಷ ಬರೆದ ಪುಸ್ತಕ ನಿಂತರೆ ಅದು 22 ವರ್ಷದ ಪುಸ್ತಕವಾಗಿಯೇ ಉಳಿಯುತ್ತದೆ. ಇನ್ನು ಎಂಟು ವರ್ಷ ನಡೆದರೆ ಜೋಡಿಗಳು 231ರಿಂದ 435 ಆಗುತ್ತವೆ. ಹಳ್ಳಕ್ಕೆ ಅಡ್ಡಲಾಗಿ ಏನಾದರೂ ಕಟ್ಟಲು ಬಂದವರು ಪರಿಸರ ಪರಿಣಾಮದ ವರದಿ ತೋರಿಸುವಾಗ, ಅದರಲ್ಲಿ ಒಂದೇ ಋತುವಿನ ಅಳತೆಯಿರುವುದನ್ನು ನಾವು ಕಂಡಿದ್ದೇವೆ. ಅದರ ಪಕ್ಕದಲ್ಲಿ ಇಡಲು ನಮ್ಮ ಬಳಿ ಬೇರೇನಿದೆ?

ಆದ್ದರಿಂದ ಬಳಗದ ಪರವಾಗಿ ಕೋರಿಕೆ. ಓದುವ ಹೊತ್ತು ಬೆಳಿಗ್ಗೆ 8.30, ಅದನ್ನು ಬದಲಿಸಬೇಡಿ. ಮಳೆ ಬಾರದ ದಿನ 0 ಎಂದು ಬರೆಯಿರಿ, ಓದಲಾಗದ ದಿನ 'ಓದಿಲ್ಲ' ಎಂದು ಬರೆಯಿರಿ, ಎರಡು ದಿನದ್ದು ಒಟ್ಟಿಗೆ ಓದಿದರೆ ಹಾಗೆಂದೇ ಬರೆಯಿರಿ. ಬಾಟಲಿ ತುಂಬಿ ಚೆಲ್ಲಿದ್ದರೆ ಅದನ್ನೂ ಬರೆಯಿರಿ. ವಿದ್ಯಾರ್ಥಿಗಳು ಮುಂದಿನ ಸಭೆಗೆ ಮುನ್ನ ಹಳೆಯ ಪುಸ್ತಕಗಳನ್ನು ಮನೆಮನೆಯಿಂದ ಪಡೆದು, ಪುಟಗಳ ಚಿತ್ರ ತೆಗೆದು, ಪುಸ್ತಕವನ್ನು ಅವರವರಿಗೇ ಹಿಂದಿರುಗಿಸಬೇಕು. ಗೆದ್ದಲಿಗೆ ಸಂಖ್ಯಾಶಾಸ್ತ್ರ ತಿಳಿಯದು.

ನನ್ನ ಮನೆಯ ಮಾಪಕದ ಮೇಲೆ ಹಲಸಿನ ಕೊಂಬೆಯೊಂದು ಕೆಲವು ವರ್ಷಗಳಿಂದ ಚಾಚಿಕೊಂಡಿರುವುದನ್ನು ಈ ಲೇಖನ ಬರೆಯುವಾಗಲೇ ಗಮನಿಸಿದೆ. ಎಂದಿನಿಂದ ಎಂದು ಪುಸ್ತಕದಲ್ಲಿ ಇಲ್ಲ. ನಿನ್ನೆ ಅದನ್ನು ಕಡಿಸಿ, ದಿನಾಂಕ ಬರೆದಿದ್ದೇನೆ.